ಸಭೆ ಸೇರಿಸುವುದು, ಸಭೆ ನಡೆಸುವುದು

ಕಳೆದ ಎರಡು ದಶಕಗಳಲ್ಲಿ ನಮ್ಮ ದೇಶದ ಕಾನೂನುಗಳು ಸಾಮಾನ್ಯ ಜನರನ್ನು ಅನೇಕ ಸಮಿತಿಗಳ ಸದಸ್ಯರನ್ನಾಗಿ ಮಾಡಿವೆ. 2009ರ ಶಿಕ್ಷಣ ಹಕ್ಕು ಅಧಿನಿಯಮದ 21ನೆಯ ಪ್ರಕರಣವು ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಲ್ಲಿ ಶಾಲಾ ನಿರ್ವಹಣಾ ಸಮಿತಿ ಇರಬೇಕೆಂದು ವಿಧಿಸುತ್ತದೆ. ಅದರ ಸದಸ್ಯರಲ್ಲಿ ಮುಕ್ಕಾಲು ಭಾಗಕ್ಕೆ ಕಡಿಮೆಯಿಲ್ಲದಂತೆ ತಂದೆತಾಯಿಗಳು ಅಥವಾ ಪೋಷಕರು ಇರಬೇಕು, ಅರ್ಧದಷ್ಟು ಮಂದಿ ಮಹಿಳೆಯರಾಗಿರಬೇಕು. 2006ರ ಅರಣ್ಯ ಹಕ್ಕುಗಳ ಅಧಿನಿಯಮದಡಿ ರಚಿತವಾದ ನಿಯಮಗಳ ಪ್ರಕಾರ ಗ್ರಾಮಸಭೆಯು 10ರಿಂದ 15 ಸದಸ್ಯರ ಅರಣ್ಯ ಹಕ್ಕು ಸಮಿತಿಯನ್ನು ಆರಿಸಬೇಕು. ಅದರಲ್ಲಿ ಮೂರನೆಯ ಒಂದು ಭಾಗಕ್ಕೆ ಕಡಿಮೆಯಿಲ್ಲದಷ್ಟು ಮಹಿಳೆಯರಿರಬೇಕು. ತಮಿಳುನಾಡಿನಲ್ಲಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ರ ಗ್ರಾಮಸಭೆಗಳ ಜೊತೆಗೆ 2022ರಿಂದ ಮಾರ್ಚ್ 22 ಮತ್ತು ನವೆಂಬರ್ 1ರ ಸಭೆಗಳೂ ಸೇರಿಕೊಂಡಿವೆ.

ಇವೆಲ್ಲವೂ ಒಳ್ಳೆಯ ಕಾನೂನುಗಳೇ. ಆದರೆ ಕಾನೂನು ತಲೆ ಎಣಿಸಬಲ್ಲದು, ಕೋರಂ ನಿಗದಿ ಮಾಡಬಲ್ಲದು, ಸಹಿ ಕೇಳಬಲ್ಲದು. ಸಭೆಯಲ್ಲಿ ಕುಳಿತ ತಾಯಿಯೊಬ್ಬಳು ತನ್ನ ಮನಸ್ಸಿನಲ್ಲಿರುವುದನ್ನು ಹೇಳುವಂತೆ ಮಾಡುವ ಶಕ್ತಿ ಯಾವ ಪ್ರಕರಣಕ್ಕೂ ಇಲ್ಲ. ನೀಲಗಿರಿಯಲ್ಲಿ ನಾನು ಕಂಡ ಅನೇಕ ಸಭೆಗಳಲ್ಲಿ ಮುಂದಿನ ಸಾಲಿನ ಇಬ್ಬರು ಮೂವರು ಮಾತನಾಡುತ್ತಾರೆ. ಉಳಿದವರು ಚಹಾ ಕುಡಿದು, ನಡವಳಿ ಪುಸ್ತಕದಲ್ಲಿ ಸಹಿ ಮಾಡಿ ಅಥವಾ ಹೆಬ್ಬೆಟ್ಟು ಒತ್ತಿ ಮನೆಗೆ ಹೋಗುತ್ತಾರೆ. ಕಾಗದದ ಮೇಲೆ ಅದು ಸರ್ವಾನುಮತದ ನಿರ್ಣಯ. ಆ ನಿರ್ಣಯದ ಫಲ ಮಾತ್ರ ಮಾತನಾಡದವರ ಮಕ್ಕಳ ಪಾಲಿಗೂ ಬರುತ್ತದೆ.

ಸಭೆ ಸೇರಿಸುವುದು ಬೇರೆ, ಸಭೆ ನಡೆಸುವುದು ಬೇರೆ. ಎರಡನೆಯದು ಕಲಿಯಬೇಕಾದ ವಿದ್ಯೆ. ಸಮಾಜಕಾರ್ಯದ ಶಾಸ್ತ್ರದಲ್ಲಿ ಅದಕ್ಕೆ ಪ್ರತ್ಯೇಕ ಸ್ಥಾನವೇ ಇದೆ. 1936ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಮುಂದೆ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯೆಂದು ಹೆಸರಾದ ಶಾಲೆ, 1952ರಲ್ಲಿ ಸ್ಥಾಪನೆಯಾದ ಮದ್ರಾಸ್ ಸಮಾಜಕಾರ್ಯ ಶಾಲೆ, 1960ರಲ್ಲಿ ಮಂಗಳೂರಿನಲ್ಲಿ ಆರಂಭವಾದ ರೋಶನಿ ನಿಲಯ – ಇಂತಹ ಸಂಸ್ಥೆಗಳ ವಿದ್ಯಾರ್ಥಿಗಳು ವ್ಯಕ್ತಿಗತ ಕಾರ್ಯ, ಗುಂಪು ಕಾರ್ಯ, ಸಮುದಾಯ ಸಂಘಟನೆ ಎಂಬ ಮೂರು ವಿಧಾನಗಳನ್ನು ಅಭ್ಯಾಸ ಮಾಡುತ್ತಾರೆ. ಗುಂಪನ್ನು ನಡೆಸುವವನನ್ನು ಕನ್ನಡದಲ್ಲಿ ಸುಗಮಕಾರ ಎನ್ನುವುದು ರೂಢಿ. ಅವನು ಅಧ್ಯಕ್ಷನಲ್ಲ, ಏಕೆಂದರೆ ತೀರ್ಪು ಅವನದಲ್ಲ. ಅವನು ಉಪನ್ಯಾಸಕನೂ ಅಲ್ಲ, ಏಕೆಂದರೆ ಅಲ್ಲಿ ಹೇಳಬೇಕಾದ ವಿಷಯವು ಅವನಿಗಿಂತ ಮುಂದೆ ಕುಳಿತವರಿಗೇ ಹೆಚ್ಚು ತಿಳಿದಿರುತ್ತದೆ. ಗುಂಪು ತಾನೇ ಯೋಚಿಸಿ, ತಾನೇ ನಿರ್ಧರಿಸುವ ದಾರಿಯನ್ನು ಸುಗಮಗೊಳಿಸುವುದಷ್ಟೇ ಅವನ ಕೆಲಸ.

ವಕೀಲನಾದವನಿಗೆ ಈ ವ್ಯತ್ಯಾಸ ವಿಶೇಷವಾಗಿ ಎದ್ದು ಕಾಣುತ್ತದೆ. ಕಕ್ಷಿದಾರನು ವಕಾಲತ್ತಿಗೆ ಸಹಿ ಹಾಕಿದ ಕ್ಷಣದಿಂದ ಅವನ ಪರವಾಗಿ ನಾವು ಮಾತನಾಡುತ್ತೇವೆ. ಅವನು ನ್ಯಾಯಾಲಯದ ಹಿಂದಿನ ಬೆಂಚಿನಲ್ಲಿ ಮೌನವಾಗಿ ಕೂರುತ್ತಾನೆ. ಸುಗಮಕಾರನ ವೃತ್ತಿ ಇದಕ್ಕೆ ವಿರುದ್ಧ ದಿಕ್ಕಿನದು. ಆದರೂ ನಮ್ಮ ವೃತ್ತಿಯ ಒಂದು ನಿಯಮ ಅವನಿಗೂ ಅನ್ವಯಿಸುತ್ತದೆ. ನಮ್ಮದೇ ಸಾಕ್ಷಿಯನ್ನು ಮುಖ್ಯ ವಿಚಾರಣೆ ಮಾಡುವಾಗ, ಎದುರು ಪಕ್ಷದವರು ಆಕ್ಷೇಪಿಸಿದರೆ, ನ್ಯಾಯಾಲಯದ ಅನುಮತಿಯಿಲ್ಲದೆ ಸೂಚಕ ಪ್ರಶ್ನೆ ಕೇಳುವಂತಿಲ್ಲ. 1872ರ ಸಾಕ್ಷ್ಯ ಅಧಿನಿಯಮದಲ್ಲಿ ಇದ್ದ ಈ ನಿಯಮವು 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಮುಂದುವರಿದಿದೆ. ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟರೆ ಹೊರಬರುವುದು ಸಾಕ್ಷಿಯ ಮಾತಲ್ಲ, ವಕೀಲನ ಮಾತು ಎಂಬುದೇ ಅದರ ತತ್ತ್ವ. "ಶಾಲೆಯಲ್ಲಿ ಎಲ್ಲವೂ ಚೆನ್ನಾಗಿ ನಡೆಯುತ್ತಿದೆ ಅಲ್ಲವೇ?" ಎಂದು ಕೇಳಿದರೆ ತಲೆಗಳು ಆಡುತ್ತವೆ. "ನಿಮ್ಮ ಮಗು ನಿನ್ನೆ ಶಾಲೆಯಿಂದ ಬಂದು ಏನು ಹೇಳಿತು?" ಎಂದು ಕೇಳಿದರೆ ಬಾಯಿಗಳು ತೆರೆಯುತ್ತವೆ.

ಇದನ್ನು ಅರಿಯಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಗೂಡಲೂರಿನಲ್ಲೇ ನಡೆದ ಕೆಲಸವನ್ನು ದೇಶದ ಸಮಾಜಕಾರ್ಯಕರ್ತರು ಬಂದು ನೋಡಿ ಕಲಿತಿದ್ದಾರೆ. 1980ರ ದಶಕದ ಮಧ್ಯಭಾಗದಲ್ಲಿ ಸ್ಟ್ಯಾನ್ ತೇಕೇಕರ ಮತ್ತು ಮಾರಿ ತೇಕೇಕರ ದಂಪತಿಗಳು ಅಲ್ಲಿ ಅಕಾರ್ಡ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಪಣಿಯ, ಬೆಟ್ಟಕುರುಂಬ, ಮುಳ್ಳುಕುರುಂಬ, ಕಾಟ್ಟುನಾಯಕ, ಇರುಳ – ಈ ಐದು ಸಮುದಾಯಗಳ ಜನರು ಗೂಡಲೂರು, ಪಂದಲೂರು ತಾಲ್ಲೂಕುಗಳಲ್ಲಿ ತಮ್ಮ ಭೂಮಿಯನ್ನು ಕಳೆದುಕೊಳ್ಳುತ್ತಿದ್ದ ಕಾಲವದು. ಕೆಲವರ ಹೆಸರಿನಲ್ಲಿ ಅರ್ಜಿ ಬರೆದು ಕಚೇರಿಗೆ ಕೊಡುವುದು ಸುಲಭದ ದಾರಿಯಾಗಿತ್ತು. ಆದರೆ ಅಲ್ಲಿ ಆದಿವಾಸಿ ಯುವಕ ಯುವತಿಯರೇ ಊರೂರಿಗೆ ಹೋಗಿ, ಸಂಜೆ ಕೂಲಿ ಮುಗಿಸಿ ಬಂದವರ ಜೊತೆ ಕುಳಿತು, ಊರ ಸಂಘಗಳನ್ನು ಕಟ್ಟಿದರು. ಆ ಸಂಘಗಳು ಕೂಡಿ ಆದಿವಾಸಿ ಮುನ್ನೇಟ್ರ ಸಂಘವಾಯಿತು. 1988ರಲ್ಲಿ ಗೂಡಲೂರಿನ ಬೀದಿಗಳಲ್ಲಿ ಸಾವಿರಾರು ಆದಿವಾಸಿಗಳು ಭೂಮಿಯ ಹಕ್ಕು ಕೇಳಿ ಮೆರವಣಿಗೆ ನಡೆಸಿದರು. ತಲೆಮಾರುಗಳಿಂದ ತಲೆತಗ್ಗಿಸಿ ನಡೆದ ಜನ ಅಂದು ಪೇಟೆಯ ನಡುವೆ ನಡೆದದ್ದಕ್ಕೆ ಆ ಸಂಜೆಯ ಸಭೆಗಳೇ ತಳಹದಿ.

ಮುಂದಿನ ಹೆಜ್ಜೆಗಳೂ ಅಂತೆಯೇ ಬಂದವು. ಭೂಮಿಯ ಮಾತಿನೊಡನೆ ಕಾಯಿಲೆಯ ಮಾತು ಬಂತು, ಹೆರಿಗೆಯಲ್ಲಿ ಸತ್ತ ತಾಯಂದಿರ ಮಾತು ಬಂತು. ಸಮುದಾಯದ ಹೆಣ್ಣುಮಕ್ಕಳೇ ಆರೋಗ್ಯ ಕಾರ್ಯಕರ್ತೆಯರಾಗಿ ತರಬೇತಿ ಪಡೆದರು. 1990ರಲ್ಲಿ ಗೂಡಲೂರು ಆದಿವಾಸಿ ಆಸ್ಪತ್ರೆ ಆರಂಭವಾಯಿತು. ಅದನ್ನು ನಡೆಸುವ ಸಂಸ್ಥೆಯ ಹೆಸರು ಅಶ್ವಿನಿ. 1992ರಲ್ಲಿ ಸಂಘದ ಸದಸ್ಯರಿಗಾಗಿ ಆರೋಗ್ಯ ವಿಮೆಯ ಯೋಜನೆ ಜಾರಿಗೆ ಬಂತು. ಈ ಕೊನೆಯದನ್ನು ಸ್ವಲ್ಪ ಯೋಚಿಸಿ ನೋಡಿ. ಕಾಯಿಲೆ ಬೀಳದಿದ್ದರೂ ವರ್ಷಕ್ಕೊಮ್ಮೆ ಹಣ ಕಟ್ಟಬೇಕು, ಆ ಹಣ ಬೇರೆ ಯಾರದೋ ಚಿಕಿತ್ಸೆಗೆ ಹೋಗಬಹುದು ಎಂಬುದನ್ನು ದಿನಗೂಲಿಯ ಕುಟುಂಬವೊಂದು ಒಪ್ಪುವುದು ಭಾಷಣದಿಂದ ಸಾಧ್ಯವೇ? ಎಷ್ಟು ಕಟ್ಟಬಲ್ಲೆವು, ಯಾವ ತಿಂಗಳಲ್ಲಿ ಕೈಯಲ್ಲಿ ಹಣ ಇರುತ್ತದೆ, ಕಟ್ಟಲಾರದವರ ಗತಿಯೇನು – ಇಂತಹ ಪ್ರಶ್ನೆಗಳನ್ನು ಗುಂಪಿನಲ್ಲಿ ಕೂತು ಬಿಡಿಸಿಕೊಳ್ಳದೆ ಯಾವ ವಿಮೆಯೂ ಬಡವರಲ್ಲಿ ನಿಲ್ಲದು.

ಕರ್ನಾಟಕದಲ್ಲಿಯೂ ಇಂತಹುದೇ ಪಾಠವನ್ನು ಕಲಿಸಿದ ಘಟನೆಯೊಂದಿದೆ. 1968ರಲ್ಲಿ ಟಿಬೆಟಿನ ನಿರಾಶ್ರಿತರ ಪುನರ್ವಸತಿಗಾಗಿ ಹುಟ್ಟಿದ ಮೈರಾಡ ಸಂಸ್ಥೆಯು ಮುಂದೆ ಗ್ರಾಮಾಭಿವೃದ್ಧಿಗೆ ತಿರುಗಿ, ದೊಡ್ಡ ಸಹಕಾರ ಸಂಘಗಳ ಮೂಲಕ ಸಾಲ ಕೊಡುತ್ತಿತ್ತು. 1984–85ರ ಸುಮಾರಿಗೆ ಅವುಗಳಲ್ಲಿ ಕೆಲವು ಒಡೆದವು. ಸಾಲ ಪಡೆದವರು ಸಂಸ್ಥೆಯ ಬಳಿಗೆ ಬಂದು, ಹಣವನ್ನು ನಿಮಗೆ ಹಿಂದಿರುಗಿಸುತ್ತೇವೆ, ಸಹಕಾರ ಸಂಘಕ್ಕೆ ಮಾತ್ರ ಕೊಡುವುದಿಲ್ಲ ಎಂದರು. ದೊಡ್ಡ ಸಂಘದಲ್ಲಿ ಅಧ್ಯಕ್ಷನ ಮಾತೇ ನಡೆಯುತ್ತಿತ್ತು. ಪರಸ್ಪರ ನಂಬಿಕೆಯಿದ್ದ ಹದಿನೈದು ಇಪ್ಪತ್ತು ಜನರ ಗುಂಪುಗಳು ಮಾತ್ರ ತಾವಾಗಿಯೇ ಉಳಿದುಕೊಂಡಿದ್ದವು. ಸಂಸ್ಥೆಯವರು ಆ ಮಾತಿಗೆ ಕಿವಿಗೊಟ್ಟು ಸಣ್ಣ ಗುಂಪುಗಳನ್ನೇ ಬೆಳೆಸಿದರು. 1987ರಲ್ಲಿ ನಬಾರ್ಡ್ ಅವರ ಬೆಂಬಲಕ್ಕೆ ಬಂತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಪ್ರಯೋಗ ಆರಂಭವಾಯಿತು. ಇಂದು ನಮ್ಮ ಮನೆಗಳ ಹೆಣ್ಣುಮಕ್ಕಳು ಸದಸ್ಯರಾಗಿರುವ ಸ್ವಸಹಾಯ ಗುಂಪುಗಳ ಹಿಂದೆ ಈ ಇತಿಹಾಸವಿದೆ. ಗುಂಪಿಗೆ ಇಪ್ಪತ್ತು ಜನರ ಮಿತಿ ಇರಲು ಕಾನೂನಿನ ಕಾರಣವೂ ಉಂಟು: ಲಾಭದ ವ್ಯವಹಾರ ನಡೆಸುವ ಇಪ್ಪತ್ತಕ್ಕಿಂತ ಹೆಚ್ಚು ಜನರ ಕೂಟವು ನೋಂದಣಿಯಾಗಬೇಕೆಂದು 1956ರ ಕಂಪನಿ ಅಧಿನಿಯಮ ವಿಧಿಸಿತ್ತು. ಆದರೆ ಇಪ್ಪತ್ತು ಎಂಬುದು ಎಲ್ಲರ ಮುಖ ಎಲ್ಲರಿಗೂ ಕಾಣುವ, ಎಲ್ಲರ ಸರದಿಯೂ ಬರುವ ಸಂಖ್ಯೆಯೂ ಹೌದು.

ಹಾಗಾದರೆ ಈ ವಿದ್ಯೆಯನ್ನು ಕಲಿಯುವುದು ಹೇಗೆ? ಸಮಾಜಕಾರ್ಯದ ವಿದ್ಯಾರ್ಥಿಗಳು ತರಗತಿಯಲ್ಲಿ ಕಲಿಯುವುದು ಸ್ವಲ್ಪ; ಕ್ಷೇತ್ರಕಾರ್ಯದಲ್ಲಿ ಕಲಿಯುವುದು ಬಹಳ. ಪ್ರತಿ ಸಭೆಯ ನಂತರ ಅವರು ನಡೆದುದನ್ನು ವಿವರವಾಗಿ ಬರೆಯುತ್ತಾರೆ: ಯಾರು ಮಾತನಾಡಿದರು, ಯಾರು ಸುಮ್ಮನಿದ್ದರು, ಯಾವ ಮಾತಿಗೆ ಸಭೆ ಬಿಸಿಯಾಯಿತು, ಆಗ ತಾನು ಏನು ಮಾಡಿದೆ. ಆ ಬರಹವನ್ನು ಅನುಭವಿಗಳ ಮುಂದಿಟ್ಟು ಚರ್ಚಿಸುತ್ತಾರೆ. ನಾಲ್ಕಾರು ತಿಂಗಳು ಹೀಗೆ ಮಾಡಿದವನಿಗೆ ಗುಂಪಿನ ನಾಡಿ ಸಿಗತೊಡಗುತ್ತದೆ.

ಅಮೆರಿಕದ ಮನೋವಿಜ್ಞಾನಿ ಬ್ರೂಸ್ ಟಕ್‌ಮನ್ 1965ರಲ್ಲಿ ಸಣ್ಣ ಗುಂಪುಗಳ ಬೆಳವಣಿಗೆಯಲ್ಲಿ ನಾಲ್ಕು ಹಂತಗಳನ್ನು ಗುರುತಿಸಿದರು; 1977ರಲ್ಲಿ ಐದನೆಯದನ್ನು ಸೇರಿಸಿದರು. ಮೊದಲು ಎಲ್ಲರೂ ಸಂಕೋಚದಿಂದ ಸೇರುತ್ತಾರೆ, ನಂತರ ಜಗಳವಾಗುತ್ತದೆ, ಬಳಿಕ ತಮ್ಮದೇ ಕಟ್ಟುಪಾಡುಗಳನ್ನು ಮಾಡಿಕೊಳ್ಳುತ್ತಾರೆ, ಆಮೇಲೆ ಕೆಲಸ ನಡೆಯುತ್ತದೆ, ಕೊನೆಗೆ ಗುಂಪು ಬೀಳ್ಕೊಡುತ್ತದೆ. ಎಲ್ಲ ಗುಂಪುಗಳೂ ಇದೇ ಕ್ರಮದಲ್ಲಿ ನಡೆಯುತ್ತವೆ ಎಂದಲ್ಲ. ಆದರೆ ಎರಡನೆಯ ಹಂತದ ಬಗ್ಗೆ ತಿಳಿದಿರುವುದು ಬಹಳ ಉಪಯುಕ್ತ. ಮೂರನೆಯ ಸಭೆಯಲ್ಲಿ ಜಗಳವಾಯಿತೆಂದು ನಮ್ಮಲ್ಲಿ ಎಷ್ಟೋ ಪೋಷಕರ ಸಂಘಗಳು ಅಲ್ಲಿಗೇ ಮುಗಿದುಹೋಗುತ್ತವೆ. ಜನರು ಮನಸ್ಸು ಬಿಚ್ಚಲಾರಂಭಿಸಿದ್ದರ ಗುರುತು ಅದು ಎಂದು ತಿಳಿದ ಸುಗಮಕಾರ, ಜಗಳವನ್ನು ಮುಚ್ಚಿಹಾಕದೆ ಅದರೊಳಗಿನ ಪ್ರಶ್ನೆಯನ್ನು ಎತ್ತಿ ಎಲ್ಲರ ಮುಂದಿಡುತ್ತಾನೆ.

ಮಸಿನಗುಡಿ ಕಡೆಯ ಒಂದು ಸಭೆಯಲ್ಲಿ, ಎಂಟನೆಯ ತರಗತಿಯ ನಂತರ ಹೆಣ್ಣುಮಕ್ಕಳು ಶಾಲೆ ಬಿಡುವುದೇಕೆ ಎಂಬ ವಿಷಯ ಬಂದಿತ್ತು. ಗಂಡಸರು ಒಂದೇ ಸ್ವರದಲ್ಲಿ, ಓದಿನಲ್ಲಿ ಆಸಕ್ತಿ ಇಲ್ಲ ಎಂದರು. ಸಭೆ ನಡೆಸುತ್ತಿದ್ದ ಯುವತಿ ಅದನ್ನು ಅಲ್ಲಗಳೆಯಲಿಲ್ಲ. ಐದೈದು ಜನರ ಗುಂಪು ಮಾಡಿ, ಹೆಂಗಸರನ್ನು ಬೇರೆಯಾಗಿ ಕೂರಿಸಿ, ಮಗಳು ಬೆಳಿಗ್ಗೆ ಎದ್ದಾಗಿನಿಂದ ಸಂಜೆ ಮನೆ ಸೇರುವವರೆಗಿನ ದಾರಿಯನ್ನು ರಂಗೋಲಿ ಪುಡಿಯಲ್ಲಿ ನೆಲದ ಮೇಲೆ ಬರೆಯಿರಿ ಎಂದಳು. ಅಕ್ಷರ ಬಾರದ ಅಜ್ಜಿಯರೂ ಕೈಹಾಕಿದರು. ಕಾಲುಗಂಟೆಯಲ್ಲಿ ನೆಲದ ಮೇಲೆ ಮೂಡಿದ್ದು, ಬಸ್ಸು ಇಳಿಯುವ ಜಾಗಕ್ಕೂ ಮನೆಗೂ ನಡುವೆ, ಕತ್ತಲಾಗುವ ಹೊತ್ತಿಗೆ ಆನೆ ದಾಟುವ ಜಾಗ. ಆಸಕ್ತಿಯ ಮಾತು ಅಲ್ಲಿಗೆ ನಿಂತು, ಬಸ್ಸಿನ ಸಮಯದ ಮಾತು ಆರಂಭವಾಯಿತು. ಆ ವಿಷಯ ಹೆಂಗಸರಿಗೆಲ್ಲ ಮೊದಲೇ ಗೊತ್ತಿತ್ತು. ಕೇಳುವ ಕ್ರಮ ಮಾತ್ರ ಬದಲಾಗಬೇಕಿತ್ತು. ನೆಲದ ಮೇಲೆ ನಕ್ಷೆ ಬರೆಸುವ ಈ ಪದ್ಧತಿ ನಮ್ಮ ದೇಶದ ಹಳ್ಳಿಗಳಲ್ಲಿ 1990ರ ಸುಮಾರಿನಿಂದ ವ್ಯಾಪಕವಾಗಿ ಬಳಕೆಯಲ್ಲಿದೆ. ಅದನ್ನು ಹರಡಿದವರಲ್ಲಿ ಮೈರಾಡದವರೂ ಸೇರಿದ್ದಾರೆ.

ನೀಲಗಿರಿಯ ಸುಗಮಕಾರನಿಗೆ ಭಾಷೆಯ ಪ್ರಶ್ನೆ ಬೇರೆ ಇದೆ. ಇಲ್ಲಿ ಒಂದೇ ಸಭೆಯಲ್ಲಿ ತಮಿಳು, ಮಲಯಾಳ, ಕನ್ನಡ, ಬಡಗ ನುಡಿಗಳವರು ಇರುತ್ತಾರೆ. ಜೊತೆಗೆ ಕಾಟ್ಟುನಾಯಕ, ಬೆಟ್ಟಕುರುಂಬರಂತಹ ಸಮುದಾಯಗಳ ತಮ್ಮದೇ ನುಡಿಗಳಿವೆ. ಕಚೇರಿಯ ಭಾಷೆ ಬಲ್ಲವನೇ ಅಲ್ಲಿ ನಾಯಕನಾಗಿಬಿಡುತ್ತಾನೆ. ಆದ್ದರಿಂದ ಪ್ರತಿಯೊಬ್ಬರೂ ತಮ್ಮ ನುಡಿಯಲ್ಲೇ ಮಾತನಾಡಲಿ, ತಿಳಿದವರು ತಿರುಗಿಸಿ ಹೇಳಲಿ ಎಂದು ಆರಂಭದಲ್ಲೇ ಹೇಳುವುದು ಔದಾರ್ಯವಲ್ಲ, ಅಗತ್ಯ. ಕನ್ನಡ ಮಾಧ್ಯಮದ ನಮ್ಮ ಕುಟುಂಬಗಳಿಗೆ ಈ ನೋವು ತಿಳಿಯದ್ದಲ್ಲ. ನಾವು ಬಯಸುವ ಸೌಜನ್ಯವನ್ನು ನಮಗಿಂತ ಚಿಕ್ಕ ನುಡಿಯವರಿಗೂ ತೋರಬೇಕು.

ಇಷ್ಟಾದ ಮೇಲೆ ಎಚ್ಚರಿಕೆಯ ಮಾತೊಂದನ್ನು ಹೇಳಲೇಬೇಕು. ಸಭೆ ನಡೆಸುವ ಕೌಶಲವನ್ನು ಜನರ ಮಾತು ಹೊರತರಲೂ ಬಳಸಬಹುದು, ಮೊದಲೇ ಮಾಡಿದ ತೀರ್ಮಾನಕ್ಕೆ ಜನರ ಹೆಸರು ಹಚ್ಚಲೂ ಬಳಸಬಹುದು. ಅರಣ್ಯ ಹಕ್ಕುಗಳ ಅಧಿನಿಯಮದ 4(2) ಪ್ರಕರಣದಂತೆ, ವನ್ಯಜೀವಿಗಳ ನಿರ್ಣಾಯಕ ಆವಾಸಸ್ಥಾನದಿಂದ ಜನರನ್ನು ಸ್ಥಳಾಂತರಿಸಬೇಕಾದರೆ ಗ್ರಾಮಸಭೆಯ ಮುಕ್ತವಾದ, ವಿಷಯದ ಅರಿವಿನಿಂದ ಕೂಡಿದ ಸಮ್ಮತಿ ಲಿಖಿತವಾಗಿ ದೊರೆಯಬೇಕು. ಮುದುಮಲೆಯ ಅಂಚಿನಲ್ಲಿ ಬದುಕುವವರಿಗೆ ಈ ವಾಕ್ಯ ಬರಿಯ ಅಕ್ಷರವಲ್ಲ, ಮನೆ ಉಳಿಯುವ ಅಥವಾ ಹೋಗುವ ಪ್ರಶ್ನೆ. ಮೌನವನ್ನು ಸಮ್ಮತಿಯೆಂದು ಬರೆದುಕೊಳ್ಳುವ ಸಭೆಯಲ್ಲಿ ಮುಕ್ತ ಎಂಬ ಶಬ್ದಕ್ಕೆ ಅರ್ಥವಿಲ್ಲ. ಅದೇ ಅಧಿನಿಯಮದ ನಿಯಮಗಳು ಹಕ್ಕಿನ ಸಾಕ್ಷ್ಯಗಳ ಪಟ್ಟಿಯಲ್ಲಿ, ಹಕ್ಕು ಕೇಳುವವರಲ್ಲದ ಹಿರಿಯರ ಹೇಳಿಕೆಯನ್ನು ಬರವಣಿಗೆಗೆ ಇಳಿಸಿದ್ದನ್ನೂ ಸೇರಿಸಿವೆ. ಅಂದರೆ ಹಿರಿಯಳೊಬ್ಬಳು ತಾನು ಕಂಡ ಹಳೆಯ ಗದ್ದೆ, ಸುಡುಗಾಡು, ದೇವರ ಬನಗಳನ್ನು ಸಭೆಯಲ್ಲಿ ನೆನೆದು ಹೇಳಿದರೆ, ಕ್ರಮವಾಗಿ ಬರೆದುಕೊಂಡಾಗ ಅದು ಹಕ್ಕುಪತ್ರಕ್ಕೆ ಆಧಾರವಾಗಬಲ್ಲದು. ಅವಳು ಮಾತನಾಡದೆ ಎದ್ದುಹೋದರೆ ಆ ಸಾಕ್ಷ್ಯವೂ ಅವಳೊಡನೆ ಎದ್ದುಹೋಗುತ್ತದೆ.

ಈಗ ನಮ್ಮ ಶಾಲೆಗಳ ಮಾತು. ತಾಳವಾಡಿ, ಹೊಸೂರು ಕಡೆಗಳಲ್ಲಾಗಲಿ, ಕಾಸರಗೋಡಿನಲ್ಲಾಗಲಿ ಕನ್ನಡ ಮಾಧ್ಯಮದ ತರಗತಿಗಳ ಉಳಿವು ಮಕ್ಕಳ ಸಂಖ್ಯೆಯನ್ನೂ ಕನ್ನಡ ಬಲ್ಲ ಶಿಕ್ಷಕರ ನೇಮಕವನ್ನೂ ಅವಲಂಬಿಸಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಶಿಕ್ಷಣದ ಸೌಲಭ್ಯ ಒದಗಿಸಲು ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ಅನುಚ್ಛೇದ 1956ರಿಂದಲೂ ರಾಜ್ಯಗಳಿಗೆ ಹೇಳುತ್ತಿದೆ. ಆದರೆ ಬೇಡಿಕೆ ಕೇಳುವವರು ಇಲ್ಲದಿದ್ದರೆ ಅನುಚ್ಛೇದ ತಾನಾಗಿಯೇ ಶಾಲೆಗೆ ನಡೆದು ಬರುವುದಿಲ್ಲ.

ಇಲ್ಲಿ ಒಂದು ಕಾನೂನಿನ ಸೂಕ್ಷ್ಮವನ್ನು ಪೋಷಕರು ತಿಳಿದಿರಬೇಕು. 2012ರ ತಿದ್ದುಪಡಿಯಂತೆ ಅಲ್ಪಸಂಖ್ಯಾತರು ಸ್ಥಾಪಿಸಿ ನಡೆಸುವ ಶಾಲೆಗಳಲ್ಲಿ ಮತ್ತು ಇತರ ಅನುದಾನಿತ ಶಾಲೆಗಳಲ್ಲಿ ಶಾಲಾ ನಿರ್ವಹಣಾ ಸಮಿತಿಯ ಕೆಲಸ ಸಲಹೆ ನೀಡುವುದಕ್ಕೆ ಸೀಮಿತ. ಆದರೆ ಸರ್ಕಾರಿ ಅಥವಾ ಪಂಚಾಯಿತಿ ಒಕ್ಕೂಟದ ಶಾಲೆಯೊಂದು ಕನ್ನಡದಲ್ಲಿ ಕಲಿಸುತ್ತದೆ ಎಂಬ ಮಾತ್ರಕ್ಕೆ ಅದು ಅಲ್ಪಸಂಖ್ಯಾತರು ಸ್ಥಾಪಿಸಿದ ಶಾಲೆಯಾಗುವುದಿಲ್ಲ. ಅಲ್ಲಿನ ಸಮಿತಿಗೆ ಶಾಲೆಯ ಕಾರ್ಯವನ್ನು ಗಮನಿಸುವ, ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವ, ಅನುದಾನದ ಬಳಕೆಯನ್ನು ನೋಡುವ ಕೆಲಸಗಳೆಲ್ಲ ಪೂರ್ಣವಾಗಿ ಇವೆ. ಶಿಕ್ಷಕರಿಲ್ಲ ಎಂಬ ಮಾತು ಬೀದಿಯಲ್ಲಿ ಹೇಳಿದರೆ ಗೊಣಗಾಟ. ಸಮಿತಿಯ ಸಭೆಯಲ್ಲಿ ಚರ್ಚಿಸಿ ಯೋಜನೆಯಲ್ಲಿ ಬರೆದರೆ ದಾಖಲೆ.

ಆದುದರಿಂದ ಮುಂದಿನ ಪೋಷಕರ ಸಭೆಗೆ ಕೆಲವು ಸಲಹೆಗಳನ್ನು ಮಾಡುತ್ತೇನೆ. ಕುರ್ಚಿಗಳನ್ನು ಸಾಲಾಗಿ ಹಾಕದೆ, ಮುಖ್ಯೋಪಾಧ್ಯಾಯರೂ ಸೇರಿದಂತೆ ಎಲ್ಲರೂ ವೃತ್ತವಾಗಿ ಕೂರುವಂತೆ ಮಾಡಿ. ಸಭೆಯ ಸಮಯವನ್ನು ತೋಟದ ಕೆಲಸ ಮುಗಿಯುವ ಹೊತ್ತಿಗೆ ಇಡಿ. ಮೊದಲ ಪ್ರಶ್ನೆ ಎಲ್ಲರೂ ಉತ್ತರಿಸಬಹುದಾದಷ್ಟು ಚಿಕ್ಕದಾಗಿರಲಿ. ಪ್ರಶ್ನೆ ಕೇಳಿದ ಮೇಲೆ ಮೌನವನ್ನು ಸಹಿಸಿ. ಹತ್ತು ಉಸಿರಿನಷ್ಟು ಕಾಯುವವರಿಗೆ ಉತ್ತರ ಸಿಗುತ್ತದೆ. ಹೆಚ್ಚು ಮಾತನಾಡುವ ಅಣ್ಣನಿಗೆ, "ನಿಮ್ಮ ಅಭಿಪ್ರಾಯ ತಿಳಿಯಿತು, ಇನ್ನು ಮಾತನಾಡದವರನ್ನು ಕೇಳೋಣ" ಎಂದು ಗೌರವದಿಂದಲೇ ಹೇಳಿ. ಒಂದು ಸಭೆಗೆ ಒಂದೇ ಮುಖ್ಯ ವಿಷಯ ಸಾಕು. ತೀರ್ಮಾನವಾದಾಗ ಯಾರು, ಏನನ್ನು, ಯಾವ ದಿನದೊಳಗೆ ಮಾಡುವರು ಎಂಬುದನ್ನು ಬರೆಯಿರಿ. ಬರೆದುದನ್ನು ಗಟ್ಟಿಯಾಗಿ ಕನ್ನಡದಲ್ಲಿ ಓದಿ, ತಪ್ಪಿದ್ದರೆ ತಿದ್ದಿ, ಅನಂತರವೇ ಸಹಿ ಪಡೆಯಿರಿ. ಓದಿ ಹೇಳದ ಕಾಗದಕ್ಕೆ ಸಹಿ ಮಾಡುವ ಅಭ್ಯಾಸ ನಮ್ಮ ಜನರಿಗೆ ಎಷ್ಟು ನಷ್ಟ ಮಾಡಿದೆ ಎಂಬುದು ನ್ಯಾಯಾಲಯಗಳ ಕಡತಗಳನ್ನು ನೋಡಿದವರಿಗೆ ತಿಳಿಯುತ್ತದೆ.

ಇನ್ನೊಂದು ಮುಖ್ಯವಾದ ಸಂಗತಿ: ಸಭೆ ನಡೆಸುವ ಹೊಣೆಯನ್ನು ಒಬ್ಬರಿಗೇ ಬಿಡಬೇಡಿ. ಈ ತಿಂಗಳು ಒಬ್ಬ ತಾಯಿ, ಮುಂದಿನ ತಿಂಗಳು ಒಬ್ಬ ತಂದೆ, ಅದರ ಮುಂದಿನ ತಿಂಗಳು ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ನಡೆಸಲಿ. ಹೊಸಬರು ತಡವರಿಸಿದರೆ ಯಾರೂ ಕೈಯಿಂದ ಕಿತ್ತುಕೊಳ್ಳಬೇಡಿ. ಗೂಡಲೂರಿನ ಊರ ಸಂಘಗಳನ್ನು ಕಟ್ಟಿದ ಯುವಕ ಯುವತಿಯರು ಪದವಿ ಪಡೆದು ಬಂದವರಲ್ಲ. ಸಭೆಗಳಲ್ಲಿ ಕೂತು, ನೋಡಿ, ನಡೆಸಿ ಕಲಿತವರು. ನಮ್ಮ ಮನೆಗಳಲ್ಲಿಯೂ ಸ್ವಸಹಾಯ ಗುಂಪಿನ ಲೆಕ್ಕವನ್ನು ವರ್ಷಗಟ್ಟಲೆ ತಪ್ಪಿಲ್ಲದೆ ನಡೆಸಿದ ಅಕ್ಕಂದಿರು, ಅತ್ತೆಯಂದಿರು ಇದ್ದಾರೆ. ಶಾಲೆಯ ಸಭೆಯಲ್ಲಿ ಅವರು ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂರುತ್ತಾರೆ. ಮುಂದಿನ ಸಭೆಯನ್ನು ನಡೆಸಿಕೊಡುವಿರಾ ಎಂದು ಈ ವಾರವೇ ಅವರಲ್ಲೊಬ್ಬರನ್ನು ಕೇಳಿ ನೋಡಿ.

ನಡವಳಿಯನ್ನು ಹೇಗೆ ಬರೆಯಬೇಕು, ಅದರ ಆಧಾರದ ಮೇಲೆ ಶಿಕ್ಷಣಾಧಿಕಾರಿಗಳಿಗೆ ಮನವಿಯನ್ನು ಹೇಗೆ ಸಿದ್ಧಪಡಿಸಬೇಕು ಎಂಬುದನ್ನು ಮುಂದಿನ ವಾರ ನೋಡೋಣ.